ಸೋತ ಕೆನಡಾಕ್ಕೆ ಒಲಿಂಪಿಕ್ಸ್ ಟಿಕೆಟ್ ಸಿಕ್ಕಿದ್ದು ಹೇಗೆ?

2024ರ ಫೆಬ್ರುವರಿ 11, ಭಾನುವಾರ. ಹಂಗೇರಿಯ ಸೊಪ್ರೋನ್ ಎಂಬ ಊರಿನಲ್ಲಿ ಕೆನಡಾದ ಮಹಿಳಾ ಬಾಸ್ಕೆಟ್‌ಬಾಲ್ ತಂಡ ಜಪಾನ್ ಎದುರು 86-82ರಿಂದ ಸೋತಿತು. ಗೆದ್ದಿದ್ದರೆ ಪ್ಯಾರಿಸ್ ಒಲಿಂಪಿಕ್ಸ್ ಟಿಕೆಟ್ ಅಲ್ಲೇ ಕೈಗೆ ಸಿಗುತ್ತಿತ್ತು. ಸೋತ ಮೇಲೆ ಮಾಡೋದಕ್ಕೆ ಏನೂ ಉಳಿದಿರಲಿಲ್ಲ. ಮುಂದಿನ ಪಂದ್ಯದಲ್ಲಿ ಸ್ಪೇನ್ ಗೆಲ್ಲಲಿ ಅಂತ ಕೂತು ಕಾಯಬೇಕಿತ್ತು, ಅಷ್ಟೇ.

ಸ್ಪೇನ್ ಗೆದ್ದಿತು. ಒಂದೇ ಒಂದು ಅಂಕದಿಂದ, 73-72. ಕೆನಡಾ ಪ್ಯಾರಿಸ್‌ಗೆ ಹೊರಟಿತು. ಸೋತ ಹಂಗೇರಿ ಊರಲ್ಲೇ ಉಳಿಯಿತು. ಇದೇ ಹಂಗೇರಿ ಅದೇ ವಾರ ಜಪಾನನ್ನು, ಅಂದರೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡವನ್ನು ಸೋಲಿಸಿತ್ತು. ಕೆನಡಾಕ್ಕೂ ಹಂಗೇರಿಗೂ ಮೂರು ಪಂದ್ಯದಲ್ಲಿ ತಲಾ ಒಂದೇ ಗೆಲುವು. ಆದರೂ ಒಬ್ಬರು ಒಳಗೆ, ಇನ್ನೊಬ್ಬರು ಹೊರಗೆ.

ಇದರಲ್ಲಿ ಅದೃಷ್ಟದ ಪಾಲು ಇದೆ, ಇಲ್ಲ ಅನ್ನೋಲ್ಲ. ಆದರೆ ಬಹುಪಾಲು ಇದು ಲೆಕ್ಕ. ಒಲಿಂಪಿಕ್ಸ್ ಅರ್ಹತಾ ಟೂರ್ನಿಯಲ್ಲಿ ಎಷ್ಟು ಪಂದ್ಯ ಗೆದ್ದಿರಿ ಅನ್ನೋದಕ್ಕಿಂತ ಯಾರ ವಿರುದ್ಧ ಗೆದ್ದಿರಿ ಅನ್ನೋದೇ ಎಷ್ಟೋ ಸಲ ಮುಖ್ಯವಾಗುತ್ತದೆ. ಆ ಲೆಕ್ಕ ಅರ್ಥವಾದರೆ ಸ್ಕೋರ್‌ಬೋರ್ಡ್‌ಗಿಂತ ಪಾಯಿಂಟ್ಸ್ ಟೇಬಲ್ ನೋಡೋದೇ ಹೆಚ್ಚು ಮಜಾ ಕೊಡುತ್ತದೆ.

ಹನ್ನೆರಡು ಸೀಟು, ಹದಿನಾರು ತಂಡ

ಒಲಿಂಪಿಕ್ಸ್ ಮಹಿಳಾ ಬಾಸ್ಕೆಟ್‌ಬಾಲ್‌ನಲ್ಲಿ ಆಡುವುದು 12 ತಂಡಗಳು ಮಾತ್ರ. ಪ್ಯಾರಿಸ್ ವಿಷಯದಲ್ಲಿ ಅದರಲ್ಲಿ ಎರಡು ಸೀಟು ಮೊದಲೇ ಬುಕ್ ಆಗಿದ್ದವು. ಆತಿಥೇಯ ದೇಶ ಅಂತ ಫ್ರಾನ್ಸ್‌ಗೆ ಒಂದು. 2022ರಲ್ಲಿ ಸಿಡ್ನಿಯಲ್ಲಿ ವಿಶ್ವಕಪ್ ಗೆದ್ದದ್ದಕ್ಕೆ ಅಮೆರಿಕಕ್ಕೆ ಇನ್ನೊಂದು. ಉಳಿದ ಹತ್ತು ಸೀಟಿಗಾಗಿ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾ ನಾಲ್ಕು ಊರುಗಳಲ್ಲಿ ನಾಲ್ಕು ಪುಟ್ಟ ಟೂರ್ನಿ ನಡೆಸಿತು: ಬೆಲ್ಜಿಯಂನ ಆಂಟ್ವರ್ಪ್, ಬ್ರೆಜಿಲ್‌ನ ಬೆಲೆಮ್, ಚೀನಾದ ಶಿಯಾನ್ ಮತ್ತು ಸೊಪ್ರೋನ್. ಎಲ್ಲವೂ ಫೆಬ್ರುವರಿ 8ರಿಂದ 11ರ ಒಳಗೆ ಮುಗಿಯಬೇಕು. ಪ್ರತಿ ಊರಿನಲ್ಲಿ ನಾಲ್ಕು ತಂಡ, ಪ್ರತಿ ತಂಡಕ್ಕೆ ಮೂರು ಪಂದ್ಯ. ಸೆಮಿಫೈನಲ್ ಇಲ್ಲ, ಫೈನಲ್ ಇಲ್ಲ, ಕಪ್ಪೂ ಇಲ್ಲ. ಮೊದಲ ಮೂರು ಸ್ಥಾನದವರು ಒಲಿಂಪಿಕ್ಸ್‌ಗೆ, ನಾಲ್ಕನೆಯವರು ಮನೆಗೆ.

ಹೀಗೆ ಕೇಳಿದರೆ ಬಹಳ ಸುಲಭ ಅನ್ನಿಸುತ್ತದೆ. ನಾಲ್ಕರಲ್ಲಿ ಮೂರು ತಂಡ ಪಾಸ್ ಅಂದರೆ ಅದೆಂಥ ಪರೀಕ್ಷೆ ಅಂತ ಕೇಳಬಹುದು. ಆದರೆ ಈ ನಾಲ್ಕರ ಗುಂಪಿಗೆ ಬಂದು ಸೇರುವುದೇ ದೊಡ್ಡ ಕಥೆ.

ಹದಿನಾರು ತಂಡಗಳನ್ನು ಆರಿಸಿದ್ದು 2023ರ ಖಂಡವಾರು ಟೂರ್ನಿಗಳಿಂದ. ಯುರೋಪ್‌ನಿಂದ ಆರು, ಅಮೆರಿಕ ಖಂಡಗಳಿಂದ ನಾಲ್ಕು, ಏಷ್ಯಾದಿಂದ ನಾಲ್ಕು, ಆಫ್ರಿಕಾದಿಂದ ಎರಡು. ಏಷ್ಯಾ ಅಂದಾಗ ಆಸ್ಟ್ರೇಲಿಯ, ನ್ಯೂಜಿಲೆಂಡ್ ಕೂಡ ಸೇರುತ್ತವೆ. ಫೀಬಾ ಈಗ ಏಷ್ಯಾ ಮತ್ತು ಓಶಿಯಾನಿಯವನ್ನು ಒಂದೇ ಕಪ್‌ನಲ್ಲಿ ಆಡಿಸುತ್ತದೆ. ಸಿಡ್ನಿಯಲ್ಲಿ ನಡೆದ ಏಷ್ಯಾ ಕಪ್ ಫೈನಲ್‌ನಲ್ಲಿ ಚೀನಾ 73-71ರಿಂದ ಜಪಾನನ್ನು ಸೋಲಿಸಿತು. ಮೂರು ಮತ್ತು ನಾಲ್ಕನೇ ಸ್ಥಾನ ಆಸ್ಟ್ರೇಲಿಯ, ನ್ಯೂಜಿಲೆಂಡ್ ಪಾಲಾಯಿತು. ಅಂದರೆ ಏಷ್ಯಾದ ನಾಲ್ಕು ಸೀಟಿನಲ್ಲಿ ಎರಡು ದಕ್ಷಿಣದ ದ್ವೀಪಗಳಿಗೇ ಹೋದವು. ದಕ್ಷಿಣ ಕೊರಿಯಾದಂಥ ಹಳೆಯ ಹುಲಿಯೂ ಹೊರಗುಳಿಯಿತು.

ಆಫ್ರಿಕಾದ ಕಥೆ ಇನ್ನೂ ಬಿಗಿ. ಇಡೀ ಖಂಡಕ್ಕೆ ಎರಡೇ ಜಾಗ. ಕಿಗಾಲಿಯಲ್ಲಿ ನಡೆದ ಆಫ್ರೊಬಾಸ್ಕೆಟ್ ಫೈನಲ್‌ನಲ್ಲಿ ನೈಜೀರಿಯ 84-74ರಿಂದ ಸೆನೆಗಲ್ ವಿರುದ್ಧ ಗೆದ್ದಿತು. ಇಬ್ಬರಿಗೂ ಅರ್ಹತಾ ಟೂರ್ನಿಯ ಜಾಗ ಸಿಕ್ಕಿತು. ಆದರೆ ಗುಂಪು ಮಾಡುವಾಗ ಇಬ್ಬರೂ ಒಂದೇ ಊರಿಗೆ, ಆಂಟ್ವರ್ಪ್‌ಗೆ ಬಿದ್ದರು. ಜೊತೆಗೆ ಬೆಲ್ಜಿಯಂ ಮತ್ತು ಅಮೆರಿಕ.

ಅಮೆರಿಕ ಯಾಕೆ ಆಡಬೇಕು?

ಮೊದಲ ಸಲ ನೋಡುವವರಿಗೆ ಗೊಂದಲವಾಗುವುದು ಇಲ್ಲೇ. ಟಿಕೆಟ್ ಕೈಯಲ್ಲಿರುವ ತಂಡ ಅರ್ಹತಾ ಟೂರ್ನಿಯಲ್ಲಿ ಏನು ಮಾಡುತ್ತದೆ?

ನಿಯಮ ಹೀಗಿದೆ. ಅಮೆರಿಕ ಮತ್ತು ಫ್ರಾನ್ಸ್ ತಮ್ಮ ತಮ್ಮ ಖಂಡದ ಕಪ್‌ಗಳಲ್ಲಿ ಎಲ್ಲರ ಹಾಗೆ ಆಡಿ ಅರ್ಹತಾ ಟೂರ್ನಿಗೆ ಬಂದವು. ಅವು ಎಷ್ಟನೇ ಸ್ಥಾನಕ್ಕೆ ಬಂದರೂ ಅವುಗಳ ಒಲಿಂಪಿಕ್ಸ್ ಸೀಟಿಗೆ ಧಕ್ಕೆಯಿಲ್ಲ. ಆ ಎರಡು ಊರುಗಳಲ್ಲಿ ಉಳಿದ ಮೂರು ತಂಡಗಳಲ್ಲಿ ಇಬ್ಬರು ಪಾಸ್. ಅಂದರೆ ಆಂಟ್ವರ್ಪ್‌ನಲ್ಲಿ ಬೆಲ್ಜಿಯಂ, ನೈಜೀರಿಯ, ಸೆನೆಗಲ್ ಈ ಮೂವರಲ್ಲಿ ಒಬ್ಬರು ಹೊರಗೆ. ಶಿಯಾನ್‌ನಲ್ಲಿ ಫ್ರಾನ್ಸ್ ಬಿಟ್ಟು ಚೀನಾ, ಪೋರ್ಟೊ ರಿಕೊ, ನ್ಯೂಜಿಲೆಂಡ್‌ಗಳಲ್ಲಿ ಒಬ್ಬರು ಹೊರಗೆ. ಆ ಒಬ್ಬರು ನ್ಯೂಜಿಲೆಂಡ್.

ಅಮೆರಿಕಕ್ಕೆ ಇದು ಪ್ರಾಕ್ಟೀಸ್ ಅಂತ ಅಂದುಕೊಂಡರೆ ಮೊದಲ ದಿನವೇ ಬೆಲ್ಜಿಯಂ ಅವರ ಬೆವರಿಳಿಸಿತು. ಸ್ಕೋರ್ 79-79 ಇದ್ದಾಗ ಕೊನೆಯ ಗಳಿಗೆಯಲ್ಲಿ ಬ್ರಿಯಾನಾ ಸ್ಟೀವರ್ಟ್ ಹಾಕಿದ ಬಾಸ್ಕೆಟ್ ಇಲ್ಲದಿದ್ದರೆ ಪಂದ್ಯ ಓವರ್‌ಟೈಮ್‌ಗೆ ಹೋಗುತ್ತಿತ್ತು. 81-79ರಿಂದ ಅಮೆರಿಕ ಬಚಾವಾಯಿತು.

ಈ ಗುಂಪಿನಲ್ಲಿ ನೈಜೀರಿಯ ಮೂರರಲ್ಲಿ ಎರಡು ಪಂದ್ಯ ಸೋತಿತು. ಗೆದ್ದದ್ದು ಒಂದೇ, ಸೆನೆಗಲ್ ವಿರುದ್ಧ. ಆ ಒಂದೇ ಗೆಲುವು ಸಾಕಾಯಿತು. ಅಮೆರಿಕದ ಎದುರು ಎಷ್ಟು ಅಂಕದಿಂದ ಸೋತಿರಿ ಅಂತ ಯಾರೂ ಕೇಳಲಿಲ್ಲ. ನಾಲ್ಕು ತಂಡದ ಗುಂಪಿನಲ್ಲಿ ಒಂದು ದೈತ್ಯ ತಂಡವಿದ್ದರೆ ಉಳಿದವರ ಪಾಲಿಗೆ ಆ ಪಂದ್ಯಕ್ಕೆ ಹೆಚ್ಚು ಬೆಲೆ ಇರೋದಿಲ್ಲ. ಪಕ್ಕದ ಬೆಂಚಿನವರನ್ನು ಸೋಲಿಸುವ ಪಂದ್ಯವೇ ನಿಜವಾದ ಒಲಿಂಪಿಕ್ಸ್ ಪಂದ್ಯ.

ಸೊಪ್ರೋನ್‌ನ ನಾಲ್ಕು ದಾರಿ

ಈಗ ಸೊಪ್ರೋನ್‌ಗೆ ವಾಪಸ್ ಬರೋಣ. ಆಸ್ಟ್ರಿಯ ಗಡಿಗೆ ಅಂಟಿಕೊಂಡಿರುವ ಊರು ಇದು. ಚಿಕ್ಕ ಊರಾದರೂ ಮಹಿಳಾ ಬಾಸ್ಕೆಟ್‌ಬಾಲ್ ಅಂದರೆ ಇಲ್ಲಿ ಪ್ರಾಣ. ಸೊಪ್ರೋನ್ ಕ್ಲಬ್ 2022ರಲ್ಲಿ ಯುರೋಲೀಗ್ ಗೆದ್ದಿತ್ತು. ಅದು ಯುರೋಪ್‌ನ ಕ್ಲಬ್‌ಗಳಿಗೆ ಅತಿ ದೊಡ್ಡ ಕಪ್. ಹಾಗಾಗಿ ಹಂಗೇರಿಗೆ ಮನೆಯಂಗಳದ ಬೆಂಬಲಕ್ಕೆ ಕೊರತೆ ಇರಲಿಲ್ಲ. ಹಂಗೇರಿಯ ಮಹಿಳೆಯರು ಒಲಿಂಪಿಕ್ಸ್ ಆಡಿ 44 ವರ್ಷವಾಗಿತ್ತು. 1980ರ ಮಾಸ್ಕೋದಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದದ್ದೇ ಕೊನೆ.

ಗುಂಪಿನಲ್ಲಿ ಯಾರೂ ದೈತ್ಯರಲ್ಲ, ಯಾರೂ ಕುರಿಮರಿಯೂ ಅಲ್ಲ. ಜಪಾನ್ ಟೋಕಿಯೊದ ಬೆಳ್ಳಿ ತಂಡ. ಸ್ಪೇನ್ 2016ರ ರಿಯೊದ ಬೆಳ್ಳಿ ತಂಡ. ಕೆನಡಾ ಸತತವಾಗಿ ಒಲಿಂಪಿಕ್ಸ್ ಆಡುತ್ತಾ ಬಂದ ತಂಡ.

ಮೊದಲ ಸುತ್ತಿನಲ್ಲಿ ಜಪಾನ್ 86-75ರಿಂದ ಸ್ಪೇನ್ ವಿರುದ್ಧ ಗೆದ್ದಿತು. ಕೆನಡಾ 67-55ರಿಂದ ಹಂಗೇರಿ ವಿರುದ್ಧ ಗೆದ್ದಿತು. ಎರಡನೇ ಸುತ್ತಿನಲ್ಲಿ ಎಲ್ಲ ಉಲ್ಟಾ. ಮೊದಲ ದಿನ ಸೋತವರು ಗೆದ್ದರು, ಗೆದ್ದವರು ಸೋತರು. ಸ್ಪೇನ್ 60-55ರಿಂದ ಕೆನಡಾವನ್ನು ಮಣಿಸಿತು. ಹಂಗೇರಿ 81-75ರಿಂದ ಜಪಾನನ್ನು ಕೆಡವಿತು. ಈಗ ನಾಲ್ಕೂ ತಂಡಗಳಿಗೆ ಒಂದು ಗೆಲುವು, ಒಂದು ಸೋಲು. ಉಳಿದದ್ದು ಎರಡೇ ಪಂದ್ಯ: ಮೊದಲು ಕೆನಡಾ-ಜಪಾನ್, ಆಮೇಲೆ ಸ್ಪೇನ್-ಹಂಗೇರಿ.

ಬಾಸ್ಕೆಟ್‌ಬಾಲ್‌ನಲ್ಲಿ ಡ್ರಾ ಇಲ್ಲ. ಸಮವಾದರೆ ಐದು ನಿಮಿಷದ ಓವರ್‌ಟೈಮ್, ಮತ್ತೂ ಸಮವಾದರೆ ಇನ್ನೈದು ನಿಮಿಷ. ಆದ್ದರಿಂದ ಎರಡು ಪಂದ್ಯ ಅಂದರೆ ಒಟ್ಟು ನಾಲ್ಕು ಸಾಧ್ಯತೆ. ಗೆದ್ದ ಇಬ್ಬರೂ ಎರಡು ಗೆಲುವಿನೊಂದಿಗೆ ಪಾಸ್. ಸೋತ ಇಬ್ಬರೂ ಒಂದು ಗೆಲುವಿನಲ್ಲಿ ಸಮ. ಆಗ ಆ ಇಬ್ಬರ ನಡುವೆ ನಡೆದ ಪಂದ್ಯದಲ್ಲಿ ಗೆದ್ದವರು ಯಾರು ಅಂತ ನೋಡುತ್ತಾರೆ. ಗೆದ್ದವರು ಮೂರನೇ ಸ್ಥಾನಕ್ಕೆ, ಸೋತವರು ಮನೆಗೆ.

ಒಂದೊಂದಾಗಿ ನೋಡಿ. ಜಪಾನ್ ಮತ್ತು ಸ್ಪೇನ್ ಗೆದ್ದರೆ ಸೋತವರು ಕೆನಡಾ ಮತ್ತು ಹಂಗೇರಿ. ಇವರಿಬ್ಬರ ಪಂದ್ಯ ಮೊದಲ ದಿನವೇ ಕೆನಡಾ ಗೆದ್ದಿದೆ. ಹಂಗೇರಿ ಔಟ್. ಜಪಾನ್ ಮತ್ತು ಹಂಗೇರಿ ಗೆದ್ದರೆ ಸೋತವರು ಕೆನಡಾ ಮತ್ತು ಸ್ಪೇನ್. ಅಲ್ಲಿ ಗೆದ್ದದ್ದು ಸ್ಪೇನ್. ಕೆನಡಾ ಔಟ್. ಕೆನಡಾ ಮತ್ತು ಹಂಗೇರಿ ಗೆದ್ದರೆ ಸೋತವರು ಜಪಾನ್ ಮತ್ತು ಸ್ಪೇನ್. ಜಪಾನ್ ಗೆದ್ದಿತ್ತಲ್ವಾ, ಹಾಗಾಗಿ ಸ್ಪೇನ್ ಔಟ್. ಕೆನಡಾ ಮತ್ತು ಸ್ಪೇನ್ ಗೆದ್ದರೆ ಉಳಿಯುವುದು ಜಪಾನ್ ಮತ್ತು ಹಂಗೇರಿ. ಇಲ್ಲಿ ಒಲಿಂಪಿಕ್ಸ್ ಬೆಳ್ಳಿ ತಂಡವೇ ಔಟ್, ಯಾಕೆಂದರೆ ಹಂಗೇರಿ ಅವರನ್ನು ಸೋಲಿಸಿದೆ.

ನಾಲ್ಕು ಸಾಧ್ಯತೆ, ನಾಲ್ಕರಲ್ಲೂ ಬೇರೆ ಬೇರೆ ತಂಡ ಹೊರಗೆ. ಕೂತು ಬರೆದರೂ ಇಷ್ಟು ಚೆನ್ನಾಗಿ ಸ್ಕ್ರಿಪ್ಟ್ ಬರೆಯೋಕೆ ಆಗೋದಿಲ್ಲ!

ಮೊದಲ ಪಂದ್ಯದಲ್ಲಿ ಜಪಾನ್ ಗೆದ್ದಿತು. ಅಲ್ಲಿಗೆ ಎರಡು ಸಾಧ್ಯತೆ ಅಳಿಸಿಹೋದವು. ಉಳಿದ ಎರಡರಲ್ಲಿ ಒಂದರಲ್ಲಿ ಹಂಗೇರಿ ಔಟ್, ಇನ್ನೊಂದರಲ್ಲಿ ಕೆನಡಾ ಔಟ್. ಸ್ಪೇನ್ ಎಲ್ಲಿ ಹೋಯಿತು? ಅದೇ ತಮಾಷೆ. ಸ್ಪೇನ್ ಅಂಗಳಕ್ಕೆ ಇಳಿಯುವ ಮೊದಲೇ ಪಾಸಾಗಿತ್ತು. ಗೆದ್ದರೂ ಪ್ಯಾರಿಸ್, ಸೋತರೂ ಪ್ಯಾರಿಸ್. ಆ ಪಂದ್ಯದ ಮೇಲೆ ಜೀವ ಹಿಡಿದು ಕೂತಿದ್ದವರು ಇಬ್ಬರು. ಆಡುತ್ತಿದ್ದ ಹಂಗೇರಿ, ಆಡದೇ ಇದ್ದ ಕೆನಡಾ.

ಬಹಳ ಹೊತ್ತು ಹಂಗೇರಿಯೇ ಮುಂದಿತ್ತು. ಏನೂ ಕಳೆದುಕೊಳ್ಳಲು ಇಲ್ಲದ ಸ್ಪೇನ್ ಕೈಚೆಲ್ಲಬಹುದಿತ್ತು. ಮುಖ್ಯ ಆಟಗಾರ್ತಿಯರನ್ನು ಬೆಂಚಿನಲ್ಲಿ ಕೂರಿಸಿ, ಗಾಯ ಮಾಡಿಕೊಳ್ಳದೇ ಊರಿಗೆ ಹೋದರೂ ಯಾರೂ ಕಾನೂನು ಮುರಿದಂತಾಗುತ್ತಿರಲಿಲ್ಲ. ಆದರೆ ಸ್ಪೇನ್ ಬೆನ್ನಟ್ಟಿತು, ಹಿಡಿಯಿತು, ಒಂದು ಅಂಕದಿಂದ ಗೆದ್ದಿತು. ಇದಕ್ಕೆ ಸ್ಪೇನ್‌ಗೆ ಒಂದು ಸಲಾಂ ಹೇಳಲೇಬೇಕು. ಹಂಗೇರಿಯ ಜಾಗದಲ್ಲಿ ಕೂತು ನೋಡಿದರೆ ಮಾತ್ರ ಹೊಟ್ಟೆ ಉರಿಯುತ್ತದೆ.

ಆ ಹೊಟ್ಟೆಯುರಿಯ ನಿಜವಾದ ಕಾರಣ ಕೊನೆಯ ಪಂದ್ಯವಲ್ಲ ಅನ್ನೋದು ನನ್ನ ಅಭಿಪ್ರಾಯ. ಹಂಗೇರಿ ಒಲಿಂಪಿಕ್ಸ್ ಕಳೆದುಕೊಂಡದ್ದು ಮೊದಲ ದಿನ, ಕೆನಡಾ ಎದುರು. ಆ ದಿನ ಗೆದ್ದಿದ್ದರೆ ಕೊನೆಯ ದಿನದ 73-72 ಸುಮ್ನೆ ಒಂದು ಸೋಲಾಗಿ ಉಳಿಯುತ್ತಿತ್ತು.

ಐಪಿಎಲ್ ಲೆಕ್ಕಕ್ಕೂ ಇದಕ್ಕೂ ಏನು ವ್ಯತ್ಯಾಸ

ನಮಗೆ ಇಂಥ ಲೆಕ್ಕ ಹೊಸದೇನಲ್ಲ. 2024ರ ಮೇ 18ರ ರಾತ್ರಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ-ಚೆನ್ನೈ ಪಂದ್ಯ ನೋಡಿದವರಿಗೆ ಕ್ಯಾಲ್ಕ್ಯುಲೇಟರ್ ಹಿಡಿದು ಕ್ರಿಕೆಟ್ ನೋಡುವುದು ಹೇಗೆ ಅಂತ ಹೇಳಿಕೊಡಬೇಕಿಲ್ಲ. ಆರ್‌ಸಿಬಿ 218 ಹೊಡೆದಿತ್ತು. ಆದರೆ ಬರೀ ಗೆದ್ದರೆ ಸಾಲದು, 18 ರನ್‌ನಿಂದಾದರೂ ಗೆಲ್ಲಬೇಕಿತ್ತು. ಚೆನ್ನೈಗೆ 201 ಮುಟ್ಟಿದರೆ ಸಾಕು, ಸೋತರೂ ಪ್ಲೇಆಫ್. ಅವರು 191ಕ್ಕೆ ನಿಂತರು. ಅಲ್ಲಿ ತೀರ್ಮಾನ ಮಾಡಿದ್ದು ನೆಟ್ ರನ್ ರೇಟ್.

ಫೀಬಾ ಲೆಕ್ಕ ಬೇರೆ. ಗೆದ್ದವರಿಗೆ ಎರಡು ಪಾಯಿಂಟ್, ಸೋತವರಿಗೂ ಒಂದು ಪಾಯಿಂಟ್. ಆಡಲು ಬರದೇ ಬಿಟ್ಟುಕೊಟ್ಟರೆ ಮಾತ್ರ ಸೊನ್ನೆ. ಸೋತವರಿಗೂ ಒಂದು ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಎಲ್ಲರೂ ಅಷ್ಟೇ ಪಂದ್ಯ ಆಡಿದ್ದರೆ ಅದರಿಂದ ಕ್ರಮವೇನೂ ಬದಲಾಗೋದಿಲ್ಲ. ಪಾಯಿಂಟ್ ಸಮವಾದರೆ ಮೊದಲು ನೋಡುವುದು ಮುಖಾಮುಖಿ ಫಲಿತಾಂಶ, ಅಂದರೆ ಸಮವಾದ ತಂಡಗಳು ತಮ್ಮತಮ್ಮಲ್ಲಿ ಆಡಿದ ಪಂದ್ಯ. ಅದೂ ತೀರ್ಮಾನವಾಗದಿದ್ದರೆ ಆ ಪಂದ್ಯಗಳಲ್ಲಿನ ಅಂಕಗಳ ಅಂತರ, ಆಮೇಲೆ ಆ ಪಂದ್ಯಗಳಲ್ಲಿ ಗಳಿಸಿದ ಅಂಕ. ಗುಂಪಿನ ಎಲ್ಲ ಪಂದ್ಯಗಳ ಅಂತರ ಬರೋದು ಇದೆಲ್ಲ ಆದ ಮೇಲೆ.

ಇದರ ಪರಿಣಾಮ ಸೊಪ್ರೋನ್‌ನಲ್ಲೇ ಕಾಣುತ್ತದೆ. ಮೂರೂ ಪಂದ್ಯಗಳ ಅಂತರ ಕೂಡಿಸಿದರೆ ಜಪಾನ್‌ಗೆ 9 ಪ್ಲಸ್, ಕೆನಡಾಕ್ಕೆ 3 ಪ್ಲಸ್, ಸ್ಪೇನ್‌ಗೆ 5 ಮೈನಸ್, ಹಂಗೇರಿಗೆ 7 ಮೈನಸ್. ಅಂದರೆ ಎರಡನೇ ಸ್ಥಾನ ಪಡೆದ ಸ್ಪೇನ್ ಒಟ್ಟಾರೆ ಮೈನಸ್‌ನಲ್ಲಿದೆ! ಕೆನಡಾ ಹಂಗೇರಿಯನ್ನು 12 ಅಂಕದಿಂದ ಸೋಲಿಸಿದ್ದಕ್ಕೂ ಕೊನೆಗೆ ಬೆಲೆ ಬರಲಿಲ್ಲ. ಒಂದೇ ಅಂಕದಿಂದ ಗೆದ್ದಿದ್ದರೂ ಕಥೆ ಇದೇ. ಇಬ್ಬರೇ ಸಮವಾದಾಗ ಅಂತರ ಲೆಕ್ಕಕ್ಕಿಲ್ಲ.

ಮೂವರು ಸಮವಾದರೆ? ಆಗ ಅಂತರವೇ ದೇವರು. ಇದಕ್ಕೆ ಒಂದು ಭರ್ಜರಿ ಉದಾಹರಣೆ ಹಿಂದಿನ ಅರ್ಹತಾ ಟೂರ್ನಿಯಲ್ಲಿದೆ.

ಬೆಲ್‌ಗ್ರೇಡ್‌ನಲ್ಲಿ ಕೊರಿಯಾ

2020ರ ಫೆಬ್ರುವರಿ. ಟೋಕಿಯೊ ಒಲಿಂಪಿಕ್ಸ್‌ಗೆ ಇದೇ ಮಾದರಿಯ ಟೂರ್ನಿ. ಒಂದು ಗುಂಪು ಚೀನಾದ ಫೋಶಾನ್‌ನಲ್ಲಿ ಆಡಬೇಕಿತ್ತು. ಆಗಷ್ಟೇ ಕೊರೊನಾ ಶುರುವಾಗಿತ್ತು. ಹಾಗಾಗಿ ಆ ಗುಂಪನ್ನು ಸರ್ಬಿಯದ ಬೆಲ್‌ಗ್ರೇಡ್‌ಗೆ ಸಾಗಿಸಿದರು. ಚೀನಾ, ಸ್ಪೇನ್, ದಕ್ಷಿಣ ಕೊರಿಯಾ, ಬ್ರಿಟನ್.

ಕೊರಿಯಾ ಮೊದಲ ಪಂದ್ಯದಲ್ಲಿ ಸ್ಪೇನ್ ಎದುರು 46-83ರಿಂದ ಸೋತಿತು. 37 ಅಂಕದ ಸೋಲು. ನೋಡಿದವರಿಗೆ ಕೊರಿಯಾ ಶರಣಾದಂತೆ ಕಂಡಿತು. ಆದರೆ ಕಣ್ಣಿದ್ದದ್ದು ಬ್ರಿಟನ್ ಮೇಲೆ. ಆ ಪಂದ್ಯದಲ್ಲಿ ಕೊರಿಯಾದ ಮೂವರು ಆಟಗಾರ್ತಿಯರು ಒಂದು ನಿಮಿಷವೂ ವಿಶ್ರಾಂತಿಯಿಲ್ಲದೆ ಪೂರ್ತಿ 40 ನಿಮಿಷ ಆಡಿದರು. ಈ ಮಟ್ಟದ ಬಾಸ್ಕೆಟ್‌ಬಾಲ್‌ನಲ್ಲಿ ಅದು ಹೆಚ್ಚುಕಡಿಮೆ ಹಿಂಸೆ. 82-79ರಿಂದ ಗೆದ್ದರು. ಕೊನೆಯ ಪಂದ್ಯಕ್ಕೆ ಕಾಲಲ್ಲಿ ಶಕ್ತಿಯೇ ಉಳಿದಿರಲಿಲ್ಲ. ಚೀನಾ 100-60ರಿಂದ ಉಜ್ಜಿಹಾಕಿತು. ಆದರೂ ಕೊರಿಯಾ ಟೋಕಿಯೊಗೆ ಹೋಯಿತು. 2008ರ ಬೀಜಿಂಗ್ ನಂತರ ಅವರ ಮೊದಲ ಒಲಿಂಪಿಕ್ಸ್ ಅದು.

ಇಲ್ಲಿ ಇನ್ನೊಂದು ಕೂದಲೆಳೆ ಇದೆ. ಚೀನಾ ಮೂರೂ ಪಂದ್ಯ ಗೆದ್ದಿತು. ಬ್ರಿಟನ್ ಏನಾದರೂ ಸ್ಪೇನ್ ವಿರುದ್ಧ ಗೆದ್ದುಬಿಟ್ಟಿದ್ದರೆ ಸ್ಪೇನ್, ಕೊರಿಯಾ, ಬ್ರಿಟನ್ ಮೂವರಿಗೂ ಒಂದೊಂದು ಗೆಲುವು. ಸ್ಪೇನ್ ಕೊರಿಯಾವನ್ನು, ಕೊರಿಯಾ ಬ್ರಿಟನ್ನನ್ನು, ಬ್ರಿಟನ್ ಸ್ಪೇನನ್ನು ಸೋಲಿಸಿದ ಚಕ್ರ. ಮುಖಾಮುಖಿಯಿಂದ ಏನೂ ಗೊತ್ತಾಗೋದಿಲ್ಲ, ಅಂತರ ನೋಡಬೇಕು. ಆಗ ಕೊರಿಯಾದ ಆ 37 ಅಂಕದ ಸೋಲು ಎದ್ದು ಬಂದು ಕುತ್ತಿಗೆ ಹಿಡಿಯುತ್ತಿತ್ತು. 37 ಮೈನಸ್, 3 ಪ್ಲಸ್, ಒಟ್ಟು 34 ಮೈನಸ್. ಖಂಡಿತ ಔಟ್. ಸ್ಪೇನ್ ಬ್ರಿಟನ್ ವಿರುದ್ಧ ಗೆದ್ದದ್ದರಿಂದ ಆ ಲೆಕ್ಕ ತೆರೆಯಲೇ ಇಲ್ಲ.

ಊರಿಗೆ ಹೋದ ಕೊರಿಯಾ ತಂಡಕ್ಕೆ ಹಾರ ಬೀಳಬೇಕಿತ್ತು. ಬಿದ್ದದ್ದು ಬೈಗುಳ. ಆಟಗಾರ್ತಿಯರನ್ನು ಹೀಗೆ ದುಡಿಸಿಕೊಳ್ಳುವುದಾ ಅಂತ ಕೋಚ್ ಲೀ ಮೂನ್-ಕ್ಯು ಮೇಲೆ ಟೀಕೆ ಬಂತು. ಅವರ ಒಪ್ಪಂದ ಮುಂದುವರಿಯಲಿಲ್ಲ. ಒಲಿಂಪಿಕ್ಸ್‌ಗೆ ತಂಡವನ್ನು ತಲುಪಿಸಿದ ಕೋಚ್ ಒಲಿಂಪಿಕ್ಸ್‌ಗೆ ಹೋಗಲಿಲ್ಲ. ನನ್ನನ್ನು ಕೇಳಿದರೆ ಲೆಕ್ಕದ ದೃಷ್ಟಿಯಿಂದ ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಆದರೆ ಮೂರು ಪಂದ್ಯವನ್ನು ಒಂದು ಪಂದ್ಯವಾಗಿ ನೋಡುವ ಕೋಚ್‌ನ ಕೈಯಲ್ಲಿ ಆಡುವುದು ಕಷ್ಟ. ಮುಂದೆ ಟೋಕಿಯೊದಲ್ಲಿ ಇದೇ ಕೊರಿಯಾ ಇದೇ ಸ್ಪೇನ್ ಎದುರು ಬರೀ ನಾಲ್ಕು ಅಂಕದಿಂದ, 69-73ರಿಂದ ಸೋತಿತು. ಬೆಲ್‌ಗ್ರೇಡ್‌ನ 37 ಅಂಕ ಎಷ್ಟು ನಿಜ, ಎಷ್ಟು ಲೆಕ್ಕಾಚಾರ ಅಂತ ನೀವೇ ಊಹಿಸಿಕೊಳ್ಳಿ.

ಇದು ನ್ಯಾಯವಾ?

ಇದಕ್ಕೂ ಮೊದಲು ಬೇರೆ ಪದ್ಧತಿ ಇತ್ತು. 2016ರಲ್ಲಿ ಫ್ರಾನ್ಸ್‌ನ ನಾಂಟ್‌ನಲ್ಲಿ 12 ತಂಡಗಳ ಒಂದೇ ಟೂರ್ನಿ. ಐದು ಸೀಟು. ಗುಂಪು ಹಂತ ಮುಗಿದ ಮೇಲೆ ಕ್ವಾರ್ಟರ್‌ಫೈನಲ್ ಗೆದ್ದ ನಾಲ್ವರು ರಿಯೊಗೆ, ಸೋತವರಲ್ಲಿ ಕಾದಾಡಿ ಇನ್ನೊಬ್ಬರು. ಅದು ಕಠಿಣ, ಆದರೆ ಸ್ಪಷ್ಟ. ಗೆದ್ದರೆ ಹೋಗು, ಸೋತರೆ ಮತ್ತೊಂದು ಅವಕಾಶ. ಬಹಳಷ್ಟು ಖಂಡಗಳ ಚಾಂಪಿಯನ್‌ಗಳಿಗೆ ಆಗ ನೇರ ಪ್ರವೇಶ ಇರುತ್ತಿತ್ತು.

ಪ್ಯಾರಿಸ್‌ಗೆ ಇದ್ದ ಪದ್ಧತಿಯಲ್ಲಿ ಖಂಡದ ಚಾಂಪಿಯನ್ ಆದರೂ ಗ್ಯಾರಂಟಿ ಇರಲಿಲ್ಲ. ಇದಕ್ಕೆ ಬೆಲೆ ತೆತ್ತದ್ದು ಬ್ರೆಜಿಲ್. 2023ರ ಅಮೆರಿಕಪ್ ಫೈನಲ್‌ನಲ್ಲಿ ಬ್ರೆಜಿಲ್ 69-58ರಿಂದ ಅಮೆರಿಕವನ್ನೇ ಸೋಲಿಸಿತು. ಅಮೆರಿಕ ಕಳಿಸಿದ್ದು ಕಾಲೇಜು ಹುಡುಗಿಯರ ತಂಡ ಅನ್ನೋದು ಬೇರೆ ಮಾತು, ಕಪ್ ಕಪ್ಪೇ. ಅರ್ಹತಾ ಟೂರ್ನಿಯೂ ಬೆಲೆಮ್‌ನಲ್ಲಿ, ತಮ್ಮದೇ ಜನರ ಮುಂದೆ. ಎದುರಾಳಿಗಳು ಆಸ್ಟ್ರೇಲಿಯ, ಸರ್ಬಿಯ, ಜರ್ಮನಿ. ಕೊನೆಯ ದಿನ ಜರ್ಮನಿ ಎದುರು ಸ್ವಲ್ಪದರಲ್ಲಿ ಸೋತ ಬ್ರೆಜಿಲ್ ಹೊರಬಿತ್ತು. 1994ರಲ್ಲಿ ವಿಶ್ವ ಚಾಂಪಿಯನ್, 1996ರಲ್ಲಿ ಒಲಿಂಪಿಕ್ಸ್ ಬೆಳ್ಳಿ, 2000ದಲ್ಲಿ ಕಂಚು ಗೆದ್ದ ದೇಶ. ಅತ್ತ ಜರ್ಮನಿಯ ಮಹಿಳೆಯರಿಗೆ ಅದು ಇತಿಹಾಸದಲ್ಲೇ ಮೊದಲ ಒಲಿಂಪಿಕ್ಸ್ ಟಿಕೆಟ್.

ಖಂಡದ ಕಪ್‌ಗೆ ಸಿಕ್ಕಬೇಕಾದ ಬೆಲೆ ಇಲ್ಲಿ ಸಿಗುತ್ತಿಲ್ಲ ಅನ್ನೋ ವಾದದಲ್ಲಿ ಹುರುಳಿದೆ. ಎಂಟು-ಹತ್ತು ದಿನ ಆಡಿ ಗೆದ್ದ ಕಪ್ ಕೊಡುವುದು ಮೂರು ಪಂದ್ಯದ ಮತ್ತೊಂದು ಪರೀಕ್ಷೆಯ ಹಾಲ್ ಟಿಕೆಟ್ ಮಾತ್ರ. ಇನ್ನೊಂದು ಕಡೆ ಆಫ್ರಿಕಾದ ಎರಡನೇ ತಂಡಕ್ಕೆ, ಪೋರ್ಟೊ ರಿಕೊದಂಥ ಪುಟ್ಟ ಜಾಗಕ್ಕೆ ಬಾಗಿಲು ತೆರೆದದ್ದೂ ಇದೇ ಪದ್ಧತಿ. ನನಗೆ ನಿಜವಾಗಿ ತಪ್ಪು ಅನ್ನಿಸೋದು ಬೇರೆಯೇ. ಕೊನೆಯ ದಿನದ ಎರಡು ಪಂದ್ಯಗಳನ್ನು ಒಂದಾದ ಮೇಲೆ ಒಂದು ಆಡಿಸುವುದು. ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಸಮಯಕ್ಕೆ ಆಡಿಸುತ್ತಾರೆ, ಯಾರಿಗೂ ಮತ್ತೊಬ್ಬರ ಫಲಿತಾಂಶ ಗೊತ್ತಿರಬಾರದು ಅಂತ. ಸೊಪ್ರೋನ್‌ನಲ್ಲಿ ಒಂದೇ ಅಂಗಳ ಇದ್ದದ್ದರಿಂದ ಅದು ಆಗಲಿಲ್ಲ. ಸ್ಪೇನ್ ಪ್ರಾಮಾಣಿಕವಾಗಿ ಆಡಿತು. ಎಲ್ಲ ತಂಡಗಳೂ ಹಾಗೇ ಆಡುತ್ತವೆ ಅಂತ ನಿಯಮ ನಂಬಿ ಕೂರಬಾರದು.

ಫೆಬ್ರುವರಿಯೇ ಯಾಕೆ ಅನ್ನೋದಕ್ಕೂ ಒಂದು ಮಾತು. ಯುರೋಪ್‌ನ ಲೀಗ್‌ಗಳು ರಾಷ್ಟ್ರೀಯ ತಂಡಗಳಿಗಾಗಿ ಆಗ ಬಿಡುವು ಕೊಡುತ್ತವೆ. ಅಮೆರಿಕದ ಡಬ್ಲ್ಯುಎನ್‌ಬಿಎ ಬೇಸಿಗೆಯ ಲೀಗ್, ಹಾಗಾಗಿ ಅಲ್ಲಿನ ತಾರೆಯರೂ ಸಿಗುತ್ತಾರೆ. ಆದರೆ ಒಟ್ಟಿಗೆ ಅಭ್ಯಾಸಕ್ಕೆ ಸಿಗುವ ದಿನಗಳು ಬಹಳ ಕಡಿಮೆ. ಬೇರೆ ಬೇರೆ ದೇಶದ ಕ್ಲಬ್‌ಗಳಿಂದ ಬಂದ ಹನ್ನೆರಡು ಜನ ತಕ್ಷಣ ಒಂದು ತಂಡವಾಗಬೇಕು. ಶಿಯಾನ್‌ನಲ್ಲಂತೂ ಟೂರ್ನಿಯ ನಡುವೆಯೇ, ಫೆಬ್ರುವರಿ 10ಕ್ಕೆ, ಚೀನಿಯರ ಹೊಸ ವರ್ಷ ಬಂತು.

ಇಷ್ಟೆಲ್ಲ ಕಷ್ಟಪಟ್ಟು ಪ್ಯಾರಿಸ್ ತಲುಪಿದವರು ಅಲ್ಲಿ ಏನು ಮಾಡಿದರು? ಕೆನಡಾ ಮೂರೂ ಪಂದ್ಯ ಸೋತಿತು. ಸೊಪ್ರೋನ್‌ನಲ್ಲಿ ಮೊದಲ ಸ್ಥಾನ ಪಡೆದ ಜಪಾನ್ ಕೂಡ ಮೂರಕ್ಕೆ ಮೂರೂ ಸೋತಿತು. ಆಂಟ್ವರ್ಪ್‌ನಿಂದ ಒಂದೇ ಗೆಲುವಿನಲ್ಲಿ ನುಸುಳಿದ ನೈಜೀರಿಯ ಮಾತ್ರ ಆಸ್ಟ್ರೇಲಿಯವನ್ನು 75-62ರಿಂದ, ಕೆನಡಾವನ್ನು 79-70ರಿಂದ ಸೋಲಿಸಿ ಕ್ವಾರ್ಟರ್‌ಫೈನಲ್‌ಗೆ ಹೋಯಿತು. ಪುರುಷರಾಗಲಿ ಮಹಿಳೆಯರಾಗಲಿ, ಒಲಿಂಪಿಕ್ಸ್ ಬಾಸ್ಕೆಟ್‌ಬಾಲ್‌ನಲ್ಲಿ ಆಫ್ರಿಕಾದ ತಂಡವೊಂದು ಅಲ್ಲಿಗೆ ತಲುಪಿದ್ದು ಅದೇ ಮೊದಲು. ಅವರ ಕೋಚ್ ರೆನಾ ವಕಾಮಾ ಟೂರ್ನಿಯ ಶ್ರೇಷ್ಠ ಕೋಚ್ ಅನ್ನಿಸಿಕೊಂಡರು. ಹೊಸಬರಾದ ಜರ್ಮನಿಯೂ ಕ್ವಾರ್ಟರ್‌ಫೈನಲ್ ಆಡಿತು. ಚಿನ್ನ ಎಂದಿನಂತೆ ಅಮೆರಿಕಕ್ಕೆ, ಆದರೆ ಈ ಸಲ ಫ್ರಾನ್ಸ್ ಎದುರು 67-66ರಿಂದ.

ಇದರಲ್ಲಿ ಬೆಂಗಳೂರು ಎಲ್ಲಿ?

ಈ ಏಣಿಯ ಕೆಳಗಿನ ಮೆಟ್ಟಿಲುಗಳು ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದವರೆಗೂ ಬಂದಿವೆ. ಏಷ್ಯಾ ಕಪ್‌ನಲ್ಲಿ ಎರಡು ದರ್ಜೆ ಇದೆ, ಎ ಡಿವಿಷನ್ ಮತ್ತು ಬಿ ಡಿವಿಷನ್. ಎ ಡಿವಿಷನ್‌ನಲ್ಲಿ ಎಂಟು ತಂಡ. ಒಲಿಂಪಿಕ್ಸ್ ದಾರಿ ಇರೋದು ಅಲ್ಲಿಂದ ಮಾತ್ರ. 2017ರ ಜುಲೈನಲ್ಲಿ ಎರಡೂ ದರ್ಜೆಯ ಟೂರ್ನಿ ಬೆಂಗಳೂರಿನಲ್ಲಿ ನಡೆಯಿತು. ಬಿ ಡಿವಿಷನ್ ಫೈನಲ್‌ನಲ್ಲಿ ಭಾರತ 75-73ರಿಂದ ಕಜಾಕಸ್ತಾನ ವಿರುದ್ಧ ಗೆದ್ದು ಮೇಲಕ್ಕೆ ಹತ್ತಿತು. ಎ ಡಿವಿಷನ್ ಫೈನಲ್‌ನಲ್ಲಿ ಜಪಾನ್ ಆಸ್ಟ್ರೇಲಿಯವನ್ನು 74-73ರಿಂದ ಸೋಲಿಸಿತು. ಒಂದೇ ವಾರ, ಒಂದೇ ಊರು, ಎರಡೂ ಫೈನಲ್ ಎರಡು ಅಂಕದೊಳಗೆ!

2019ರ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ಮತ್ತೆ ಬೆಂಗಳೂರಿಗೆ ಬಂತು. ಈ ಸಲ ಭಾರತ ಎ ಡಿವಿಷನ್‌ನಲ್ಲಿ. ಎಂಟನೇ ಸ್ಥಾನಕ್ಕೆ ಬಂದರೂ ಎಂಟರಲ್ಲಿ ಒಂದಾಗಿದ್ದ ಕಾರಣಕ್ಕೆ ಆ ನವೆಂಬರ್‌ನಲ್ಲಿ ಕೌಲಾಲಂಪುರದ ಒಲಿಂಪಿಕ್ಸ್ ಪೂರ್ವ ಅರ್ಹತಾ ಟೂರ್ನಿಗೆ ಜಾಗ ಸಿಕ್ಕಿತು. ಗುಂಪಿನಲ್ಲಿ ಜಪಾನ್, ಆಸ್ಟ್ರೇಲಿಯ, ಚೈನೀಸ್ ತೈಪೆ. ಒಂದೂ ಪಂದ್ಯ ಗೆಲ್ಲಲಾಗಲಿಲ್ಲ.

ಬೆಂಗಳೂರಿಗೆ ಒಲಿಂಪಿಕ್ಸ್ ಅರ್ಹತಾ ಟೂರ್ನಿಯೇ ಬರುವುದರಲ್ಲಿತ್ತು. ಮೂರು-ಮೂರು ಜನ ಅರ್ಧ ಅಂಗಳದಲ್ಲಿ ಆಡುವ 3x3 ಬಾಸ್ಕೆಟ್‌ಬಾಲ್‌ನ ಅರ್ಹತಾ ಟೂರ್ನಿ 2020ರ ಮಾರ್ಚ್‌ನಲ್ಲಿ ಇಲ್ಲಿ ಅಂತ ನಿಗದಿಯಾಗಿತ್ತು. ಕೊರೊನಾ ಬಂತು, ಟೂರ್ನಿ ಮುಂದಕ್ಕೆ ಹೋಯಿತು. ಮರುವರ್ಷ ನಡೆದದ್ದು ಆಸ್ಟ್ರಿಯದ ಗ್ರಾಝ್‌ನಲ್ಲಿ.

ಪ್ಯಾರಿಸ್‌ಗೆ ಭಾರತದ ಮಹಿಳೆಯರಿಗೆ ದಾರಿಯೇ ಇರಲಿಲ್ಲ. 2021ರಲ್ಲಿ ಜೋರ್ಡನ್‌ನ ಅಮ್ಮಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಂದು ಭಾರತ ಬಿ ಡಿವಿಷನ್‌ಗೆ ಇಳಿದಿತ್ತು. ಲೆಬನಾನ್ ಆ ಜಾಗಕ್ಕೆ ಹತ್ತಿತು. 2023ರಲ್ಲಿ ಸಿಡ್ನಿಯಲ್ಲಿ ಒಲಿಂಪಿಕ್ಸ್ ಅರ್ಹತಾ ಟೂರ್ನಿಯ ನಾಲ್ಕು ಸೀಟಿಗೆ ಎಂಟು ತಂಡ ಕಾದಾಡುವಾಗ ಭಾರತ ಆ ಎಂಟರಲ್ಲಿ ಇರಲಿಲ್ಲ. ಸೊಪ್ರೋನ್‌ನಲ್ಲಿ ಹಂಗೇರಿಗೆ ಬಾಗಿಲು ಮುಚ್ಚಿದ್ದು ಮೂರು ದಿನ ಮೊದಲು. ಭಾರತಕ್ಕೆ ಮುಚ್ಚಿದ್ದು ಎರಡು ವರ್ಷಕ್ಕೂ ಮೊದಲು, ಅಮ್ಮಾನ್‌ನಲ್ಲಿ.